ಸಹಾಯ ಬೇಕು: ತಿಂಗಳಿಗೆ ಹತ್ತಿಪ್ಪತ್ತು ಹಾಳೆಗೆ ಯಾವ ಪ್ರಿಂಟರ್?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಸಾಕಷ್ಟು ಒಳಗೆ. ಒಂದು ಪಹಣಿ ಪ್ರಿಂಟ್ ಬೇಕೆಂದರೂ ಪೇಟೆಗೆ ಬೈಕ್ ಹತ್ತಬೇಕು, ಮಳೆಗಾಲದಲ್ಲಿ ಅದೂ ಕಷ್ಟ.

ಮೂರು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಕಾರ್ಟ್ರಿಜ್ ಹಾಕುವ ಇಂಕ್‌ಜೆಟ್ ತಗೊಂಡಿದ್ದೆ. ಎರಡು ತಿಂಗಳು ಮುಟ್ಟದೇ ಇಟ್ಟರೆ ಇಂಕ್ ಒಣಗಿ ಅಕ್ಷರದ ನಡುವೆ ಬಿಳಿ ಗೆರೆ. ಹೆಡ್ (ಹಾಳೆಗೆ ಇಂಕ್ ಚಿಮ್ಮಿಸುವ ಭಾಗ) ಕ್ಲೀನಿಂಗ್ ಕೊಟ್ಟಷ್ಟೂ ಇಂಕ್ ಕುಡಿಯುತ್ತದೆ; ಹಾಳೆಗಿಂತ ವ್ಯರ್ಥ ಇಂಕ್ ಹೀರುವ ಒಳಗಿನ ಸ್ಪಂಜಿಗೇ ಜಾಸ್ತಿ ಹೋಯಿತೇನೋ! ಬರೀ ಕಪ್ಪು ಬೇಕಾದಾಗಲೂ ಕಲರ್ ಖಾಲಿ ಅಂತ ಹಠ. ತಪ್ಪು ನನ್ನದೂ ಇದೆ. ಪ್ರಿಂಟರ್‌ನ ಬಟನ್ ಒತ್ತದೆ ಗೋಡೆ ಸ್ವಿಚ್ಚನ್ನೇ ಆರಿಸುತ್ತಿದ್ದೆ. ಹಾಗೆ ಮಾಡಿದರೆ ಹೆಡ್ ತನ್ನ ಮುಚ್ಚಳದಡಿ ಸರಿಯಾಗಿ ಕೂರದೆ ಬೇಗ ಒಣಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಈಗ ಬಾಟಲಿಯಿಂದ ಇಂಕ್ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್ ನೋಡುತ್ತಿದ್ದೇನೆ: ಎಪ್ಸನ್ ಇಕೋಟ್ಯಾಂಕ್, ಕ್ಯಾನನ್ ಜಿ ಸರಣಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್. ಪುಟದ ಖರ್ಚು ಪೈಸೆ ಲೆಕ್ಕದಲ್ಲಿ, ಸರಿ. ಆದರೆ ನಮ್ಮ ಬಳಕೆಗೆ ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ, ಅಷ್ಟರಲ್ಲಿ ಹೆಡ್ ಒಣಗಿದರೆ? ಕೆಲವು ಕಾರ್ಟ್ರಿಜ್‌ಗಳಲ್ಲಿ ಹೆಡ್ಡೂ ಸೇರಿರುತ್ತದೆ, ಕಟ್ಟಿಕೊಂಡರೆ ಬದಲಿಸಿ ಬಿಸಾಕಬಹುದು. ಟ್ಯಾಂಕಿನದರಲ್ಲಿ ಹೆಡ್ ಬೇರೆಯೇ: ಕ್ಯಾನನ್, ಎಚ್‌ಪಿಯ ಹಲವು ಮಾದರಿಗಳಲ್ಲಿ ಅದನ್ನು ಬದಲಿಸಬಹುದು, ಎಪ್ಸನ್‌ನಲ್ಲಿ ಹಾಗಲ್ಲ, ರಿಪೇರಿ ದುಬಾರಿ. ಇಂಕ್ ಬದಲು ಪುಡಿ ಬಳಸುವ ಲೇಸರ್‌ನಲ್ಲಿ ಒಣಗುವ ಗೋಳೇ ಇಲ್ಲ, ಆದರೆ ಮಗಳ ಪ್ರಾಜೆಕ್ಟಿಗೆ ಬಣ್ಣ ಬೇಕು. ಕಲರ್ ಲೇಸರ್ ನಮ್ಮ ಜೇಬಿಗಲ್ಲ.

ಟ್ಯಾಂಕ್ ಪ್ರಿಂಟರ್ ಇಟ್ಟುಕೊಂಡು ಕಡಿಮೆ ಬಳಸುವವರು ಹೇಳಿ: ವಾರಕ್ಕೊಂದು ಬಣ್ಣದ ಹಾಳೆ ತೆಗೆದರೆ ಹೆಡ್ ಉಳಿಯುತ್ತದಾ? ಶಿರಸಿ, ಹುಬ್ಬಳ್ಳಿ ಕಡೆ ಯಾವುದಕ್ಕೆ ಸರ್ವಿಸ್ ಬೇಗ ಸಿಗುತ್ತದೆ? ಸ್ಕ್ಯಾನರ್ ಇರಲೇಬೇಕು. ಬಜೆಟ್ 12,000 ರೂಪಾಯಿ. ಇಲ್ಲಾ, ಬಣ್ಣದ್ದಕ್ಕೆ ಜೆರಾಕ್ಸ್ ಅಂಗಡಿಯೇ ವಾಸಿ, ಮನೆಗೆ ಕಪ್ಪು-ಬಿಳುಪು ಲೇಸರ್ ಸಾಕು ಅಂತೀರಾ?