ವಿಟಮಿನ್ ‘ಕೊರತೆ’ ಎನ್ನುವುದು ಸರಿಯೇ?

ಮಾನ್ಯರೇ,

ಬೆಂಗಳೂರಿನಲ್ಲಿ ಮೆದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರಿಗಾಗಿ ಕನ್ನಡದಲ್ಲಿ ಒಂದು ಕಿರುಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ವಿಟಮಿನ್‌ಗಳ ಭಾಗದ ಕರಡನ್ನು ಓದಿದ ಗೃಹಿಣಿಯೊಬ್ಬರು, ‘ವಿಟಮಿನ್ ಡಿ ಕೊರತೆ’ ಎಂಬಲ್ಲಿ ಬೆರಳಿಟ್ಟು, “ದಿನಾ ರಾಗಿ ಗಂಜಿ, ಹಾಲು, ಸೊಪ್ಪು ಎಲ್ಲಾ ಕೊಡ್ತಾನೇ ಇದೀನಲ್ಲ ಸಾರ್, ನಾನೇನು ಕೊರತೆ ಮಾಡ್ದೆ?” ಎಂದು ಕೇಳಿದರು.

‘ಮಳೆ ಕೊರತೆ’, ‘ಕೊರತೆ ಬಜೆಟ್’ ಎನ್ನುವಾಗ ಈ ಪದ ಬರೀ ಲೆಕ್ಕದ ಮಾತು. ಮನೆಯೊಳಗೆ ಹಾಗಲ್ಲ; ‘ಯಾವುದಕ್ಕೂ ಕೊರತೆ ಮಾಡಲಿಲ್ಲ’ ಎಂಬ ನುಡಿಗಟ್ಟಿನ ಬಲದಿಂದ ಅದು ನೋಡಿಕೊಳ್ಳುವವರ ಮೇಲಿನ ದೂರಾಗಿಬಿಡುತ್ತದೆ. ವಾಸ್ತವದಲ್ಲಿ ಈ ರೋಗಿಗಳಲ್ಲಿ ವಿಟಮಿನ್ ಕಡಿಮೆಯಾಗಲು ಊಟವೊಂದೇ ಕಾರಣವಲ್ಲ. ಫಿಟ್ಸ್ ಬಾರದಿರಲೆಂದು ಕೊಡುವ ಫೆನಿಟಾಯಿನ್, ಕಾರ್ಬಮಜೆಪೈನ್ ಮುಂತಾದ ಮಾತ್ರೆಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ವಿಟಮಿನ್ ಡಿ ಬೇಗ ಕರಗಿಹೋಗುತ್ತದೆ. ಫೆನಿಟಾಯಿನ್ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ನನ್ನೂ ತಗ್ಗಿಸಬಲ್ಲದು. ಮೆದುಳಿನ ಊತಕ್ಕೆ ಕೊಡುವ ಡೆಕ್ಸಮೆಥಸೋನ್ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ಕುಗ್ಗಿಸಿ, ಮೂಳೆಯನ್ನು ಸವೆಸುತ್ತದೆ. ಮೇಲಾಗಿ ವಿಟಮಿನ್ ಡಿ ಬಹುಪಾಲು ಬಿಸಿಲಿನಿಂದ ಚರ್ಮದಲ್ಲಿ ತಯಾರಾಗುವಂಥದ್ದು. ಹಾಸಿಗೆ ಹಿಡಿದವರಿಗೆ ಬಿಸಿಲೆಲ್ಲಿಯದು? (ಊಟವೊಂದೇ ಮೂಲವಲ್ಲ ಎಂಬ ಈ ಕಾರಣಕ್ಕೇ ವಿಟಮಿನ್‌ಗೆ ‘ಅನ್ನಾಂಗ’ ಎಂಬ ಹಳೆಯ ಪದವನ್ನು ಬಿಟ್ಟೆ. ‘ಜೀವಸತ್ವ’ ಶಾಲೆಯ ಪುಸ್ತಕದಲ್ಲಿದೆ, ಆದರೆ ವರದಿಯಲ್ಲೂ ಮೆಡಿಕಲ್ ಸ್ಟೋರಿನಲ್ಲೂ ‘ವಿಟಮಿನ್’ ಎಂದೇ ಇರುವುದು.)

ಬದಲಿ ಪದಗಳಲ್ಲಿ ‘ನ್ಯೂನತೆ’ ನನಗೆ ಒಪ್ಪಿಗೆಯಿಲ್ಲ. ‘ಅಂಗನ್ಯೂನತೆ’ಯ ನೆನಪು ತಂದು ರೋಗಿಯಲ್ಲೇ ದೋಷವಿದೆ ಎನಿಸುತ್ತದೆ. ‘ಅಭಾವ’ ಎಂದರೆ ಇಲ್ಲವೇ ಇಲ್ಲ ಎಂದಾದೀತು. ‘ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇದೆ’ ಎಂದು ವಾಕ್ಯವನ್ನೇ ಬಿಡಿಸಿ ಬರೆಯುವುದು ಲೇಸೆಂದು ಸದ್ಯಕ್ಕೆ ನನ್ನ ತೀರ್ಮಾನ. ಯಾರನ್ನೂ ದೂರದೆ, ಎಲ್ಲಿ ಕಡಿಮೆ ಎಂಬುದನ್ನೂ ಅದು ಹೇಳುತ್ತದೆ.

ಥಯಾಮಿನ್, ಅಂದರೆ ವಿಟಮಿನ್ ಬಿ1ರ ವಿಷಯದಲ್ಲಿ ತೊಡಕು ತಿರುವುಮುರುವು. ವಾರಗಟ್ಟಲೆ ವಾಂತಿಯಾಗಿ ಊಟ ಸೇರದವರಲ್ಲಿ ಇದು ತೀರ ಇಳಿದರೆ ಗೊಂದಲ, ಕಣ್ಣಿನ ಚಲನೆಯಲ್ಲಿ ತೊಂದರೆ, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳಬಹುದು. ಮನೆಯವರು ಗಡ್ಡೆಯೇ ಬೆಳೆಯಿತೆಂದು ಕೈಚೆಲ್ಲಿ ಕುಳಿತುಬಿಡುವ ಅಪಾಯವಿದೆ. ಆದರೆ ತಡಮಾಡದೆ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಸುಧಾರಿಸಬಲ್ಲ ಸ್ಥಿತಿಯಿದು. ಇಲ್ಲಿ ‘ಕಡಿಮೆ ಇದೆ’ ಎಂಬುದು ತೀರ ಸಪ್ಪೆಯಾಗಿ, ಓದುಗರು ಆಸ್ಪತ್ರೆಗೆ ಓಡಬೇಕಾದ ತುರ್ತು ಮರೆಯಾಗುತ್ತದೆ. ಹೀಗಾಗಿ ಈ ಒಂದು ಕಡೆ ‘ತೀವ್ರ ಕೊರತೆ’ ಎಂದೇ ಉಳಿಸಿಕೊಂಡಿದ್ದೇನೆ.

ಬಗೆಹರಿಯದೆ ಉಳಿದಿರುವುದು ನಡುವಿನ ಹಂತ. ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ 2011ರ ಮಾರ್ಗಸೂಚಿಯನ್ನು ಅನುಸರಿಸುವ ವರದಿಗಳಲ್ಲಿ ವಿಟಮಿನ್ ಡಿ ಪ್ರತಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ‘ಡಿಫಿಷಿಯನ್ಸಿ’ ಎಂಬ ಹೆಸರು, 21ರಿಂದ 29ರವರೆಗೆ ಇದ್ದರೆ ‘ಇನ್‌ಸಫಿಷಿಯನ್ಸಿ’ ಎಂಬ ಇನ್ನೊಂದು. ಎರಡನೆಯದಕ್ಕೆ ‘ಅಪರ್ಯಾಪ್ತ’ ಎಂದರೆ ನಿಘಂಟಿಗೆ ಸರಿ, ಆದರೆ ಆ ಗೃಹಿಣಿಗೆ ಅರ್ಥವಾಗದು. ‘ಸಾಲದ ಮಟ್ಟ’ ಎಂದು ಬರೆದರೆ ಸಾಲಸೋಲದ ‘ಸಾಲ’ವೆಂದು ಓದಿಕೊಳ್ಳುವವರಿದ್ದಾರೆ. ‘ಸಾಕಷ್ಟಿಲ್ಲ’ ಎಂಬುದನ್ನು ಪಟ್ಟಿಯ ತಲೆಬರಹವಾಗಿ ಬಳಸಬಹುದೇ, ಅಥವಾ ನಿಮ್ಮ ಕಡೆ ರೂಢಿಯಲ್ಲಿರುವ ಬೇರೆ ಪದವಿದೆಯೇ?