ಧಾರವಾಡ ಪೇಡೆ ಉನ್ನಾವೊದವರದೋ, ನಮ್ಮದೋ?

ಪ್ರಶ್ನೆ (ಹುಬ್ಬಳ್ಳಿ)
ಉತ್ತರ ಪ್ರದೇಶದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ಧಾರವಾಡ ಪೇಡೆಯನ್ನು ಬಾಯಿಗಿಟ್ಟುಕೊಂಡು, ಇದು ತಮ್ಮ ಕಡೆಯ ತಿನಿಸೇ ಎಂದು ವಾದ ಹೂಡಿದ್ದಾರೆ. ಪೇಡೆಯನ್ನು ಇಲ್ಲಿ ಹೆಸರುವಾಸಿ ಮಾಡಿದ ಠಾಕೂರ್ ಮನೆತನ 19ನೆಯ ಶತಮಾನದಲ್ಲಿ ಉನ್ನಾವೊದಿಂದ ಬಂದದ್ದು ನಿಜವೇ. ಹಾಗಿದ್ದಮೇಲೆ ಭೌಗೋಳಿಕ ಸೂಚಕದ (ಊರಿನ ಹೆಸರನ್ನು ಅಲ್ಲಿಯ ಪದಾರ್ಥಕ್ಕೇ ಮೀಸಲಿಡುವ ಜಿಐ ಟ್ಯಾಗ್) ಮಾನ್ಯತೆ ಧಾರವಾಡಕ್ಕೆ ಸಿಕ್ಕಿದ್ದು ಯಾವ ಆಧಾರದ ಮೇಲೆ? ಬಲ್ಲವರು ತಿಳಿಸಬೇಕು.

ಉತ್ತರ (ಧಾರವಾಡ)
ತಮ್ಮ ಸಹೋದ್ಯೋಗಿ ಹೇಳುವುದು ಮೂಲದ ಮಾತು. ಕಾನೂನು ನೋಡುವುದು ಅದನ್ನಲ್ಲ. 1999ರಲ್ಲಿ ರೂಪುಗೊಂಡು 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಪದಾರ್ಥದ ಗುಣವಾಗಲಿ, ಖ್ಯಾತಿಯಾಗಲಿ, ಇತರ ವೈಶಿಷ್ಟ್ಯವಾಗಲಿ ಮುಖ್ಯವಾಗಿ ಆ ಪ್ರದೇಶದಿಂದಲೇ ಬಂದಿರಬೇಕು. ಖೋವಾ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುವ ಈ ಪೇಡೆ ಹೆಸರು ಗಳಿಸಿದ್ದು ಧಾರವಾಡದಲ್ಲಿ. ಉನ್ನಾವೊದವರು ಇಂಥದೇ ಪೇಡೆ ಮಾಡಿ ಮಾರಲು ಯಾವ ಅಡ್ಡಿಯೂ ಇಲ್ಲ, ‘ಧಾರವಾಡ ಪೇಡೆ’ ಎಂದು ಮಾರುವಂತಿಲ್ಲ, ಅಷ್ಟೇ. ರಸಗುಲ್ಲದ ಜಗಳದಲ್ಲಿಯೂ ಆದದ್ದು ಇದೇ: 2017ರಲ್ಲಿ ಬಂಗಾಳದ ರಸಗುಲ್ಲಕ್ಕೆ ಮಾನ್ಯತೆ ಸಿಕ್ಕಾಗ ಪತ್ರಿಕೆಗಳು ಒಡಿಶಾ ಸೋತಿತೆಂದು ಬರೆದವು, 2019ರಲ್ಲಿ ಒಡಿಶಾದ ರಸಗುಲ್ಲಕ್ಕೂ ಪ್ರತ್ಯೇಕ ಮಾನ್ಯತೆ ದೊರೆಯಿತು.

ಉತ್ತರ (ಗದಗ)
ಮೂಲ ಕೆದಕುತ್ತ ಹೋದರೆ ನಮ್ಮ ತಾಟಿನಲ್ಲಿ ಉಳಿಯುವುದೇನು? ಜೋಳ ಆಫ್ರಿಕದ ಬೆಳೆ. ಶೇಂಗಾ ದಕ್ಷಿಣ ಅಮೆರಿಕದ್ದು. ಹಿಂಡಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಹೊರಟು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿಳಿದದ್ದು. ಎಣಗಾಯಿಯ ಬದನೆಯೊಂದೇ ಈ ನೆಲದ ಹಳೆಯ ಒಕ್ಕಲು. ಆದರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಪರದೇಶದ ಊಟವೆಂದು ಯಾರಾದರೂ ಅಂದರೆ ಗದಗದಲ್ಲಿ ಅವರಿಗೆ ನೀರೂ ಹುಟ್ಟಲಿಕ್ಕಿಲ್ಲ.

ಉತ್ತರ (ಬ್ಯಾಡಗಿ, ಹಾವೇರಿ ಜಿಲ್ಲೆ)
ಗದಗಿನವರ ಮಾತು ಸರಿ. ಆದರೆ ಮೆಣಸಿನಕಾಯಿಯ ವ್ಯಾಪಾರದಲ್ಲಿರುವ ನನಗೆ ಹುಟ್ಟಿನ ಚರ್ಚೆಗಿಂತ ಹೆಸರಿನ ದುರುಪಯೋಗವೇ ದೊಡ್ಡ ತಲೆನೋವು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಮಾನ್ಯತೆ ಬಂದಿದೆ. ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಕಡುಗೆಂಪು ಬಣ್ಣ ಇದರ ಗುರುತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯನ್ನು ಕೈಯಲ್ಲಿ ಹಿಡಿದರೆ ಸಾಕು, ಇಲ್ಲಿಯ ಹಮಾಲರೂ ಹೇಳುತ್ತಾರೆ. ಆದರೆ ನಮ್ಮ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬರುತ್ತದೆ, ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಅದಕ್ಕೂ ಬ್ಯಾಡಗಿಯ ಹೆಸರೇ ಅಂಟಿಕೊಳ್ಳುವುದುಂಟು.

ಯುರೋಪಿನವರು ಇಂಥದ್ದನ್ನು ಪಟ್ಟು ಹಿಡಿದು ಕಾಯುತ್ತಾರೆ. ಫೆಟಾ ಎಂಬ ಹೆಸರನ್ನು 2002ರಲ್ಲಿ ಗ್ರೀಸಿನ ಚೀಸಿಗೇ ಮೀಸಲಿಟ್ಟಾಗ, ಅದೇ ಹೆಸರಿನಲ್ಲಿ ಚೀಸು ಮಾಡುತ್ತಿದ್ದ ಡೆನ್ಮಾರ್ಕ್, ಜರ್ಮನಿ ನ್ಯಾಯಾಲಯಕ್ಕೆ ಹೋದವು, 2005ರಲ್ಲಿ ಸೋತವು. ನಮ್ಮಲ್ಲಿ ಮಾನ್ಯತೆಯನ್ನು 10 ವರ್ಷಕ್ಕೊಮ್ಮೆ ನವೀಕರಿಸಿದರೆ ಸಾಲದು, ಬಳಸುವ ಹಕ್ಕಿಗೆ ಬೆಳೆಗಾರರೂ ತಯಾರಕರೂ ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಬೇಕು. ಪ್ರಶ್ನೆ ಕೇಳಿದವರು ಮುಂದಿನ ಸಲ ಪೇಡೆ ಕೊಳ್ಳುವಾಗ ಅಂಗಡಿಯವರಿಗೆ ಆ ನೋಂದಣಿ ಇದೆಯೇ ಎಂದು ವಿಚಾರಿಸಲಿ.