ಸುಣ್ಣಕಟ್ಟು: ಹುಳ ಕೊಲ್ಲುವ ಬೂಷ್ಟಿಗೆ ಈ ಹೆಸರು ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಬೆಳೆಗಾರರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಬ್ಯುವೇರಿಯಾ, ಮೆಟಾರೈಜಿಯಂ ಎಂಬ ಹುಳ ಕೊಲ್ಲುವ ಎರಡು ಬೂಷ್ಟುಗಳ (ಶಿಲೀಂಧ್ರಗಳ) ವಿಷಯ ಬರುತ್ತದೆ. ಕಾಫಿಯ ಕಾಯಿಕೊರಕಕ್ಕೆ ಮೊದಲನೆಯದು. ಅಡಿಕೆಯ ಬೇರುಹುಳ, ಕಬ್ಬಿನ ಗೊಣ್ಣೆಹುಳಕ್ಕೆ ಎರಡನೆಯದು. ಇವುಗಳ ಬೀಜಕಣ ಹುಳದ ಮೈಗೆ ಅಂಟಿದರೆ ಸಾಕು. ಅಲ್ಲೇ ಮೊಳೆತು, ಚರ್ಮ ಕೊರೆದು ಒಳಗೆ ಬೆಳೆಯುತ್ತವೆ. ಕೆಲವು ದಿನಗಳಲ್ಲಿ ಹುಳ ಸಾಯುತ್ತದೆ.

ಇವಕ್ಕೆ ‘ಶಿಲೀಂಧ್ರ ಕೀಟನಾಶಕ’ ಅಂದರೆ ತೊಂದರೆಯಿದೆ. ಅಂಗಡಿಯಲ್ಲಿ ‘ಶಿಲೀಂಧ್ರನಾಶಕ’ವೂ ಇರುತ್ತದೆ. ಕಿವಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಒಂದು ಜೀವಂತ ಬೂಷ್ಟು, ಇನ್ನೊಂದು ಬೂಷ್ಟನ್ನೇ ಕೊಲ್ಲುವ ಔಷಧಿ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದರೆ ದುಡ್ಡು ನೀರಿಗೆ ಹೋದಂತೆಯೇ ಅಲ್ವಾ?

ಬೇರೆ ಪದ ಹುಡುಕುವಾಗ ನಮ್ಮ ಹುಳುಮನೆ ನೆನಪಾಯಿತು. ಅಮ್ಮ ರೇಷ್ಮೆ ಸಾಕುತ್ತಿದ್ದರು. ಮಳೆ, ಚಳಿ ಜಾಸ್ತಿಯಾದಾಗ ತಟ್ಟೆಯಲ್ಲಿ ಕೆಲವು ಹುಳು ಸತ್ತು, ಬೆಳ್ಳಗೆ ಸೀಮೆಸುಣ್ಣದ ಚೂರಿನಂತೆ ಗಟ್ಟಿಯಾಗುತ್ತಿದ್ದವು. ‘ಸುಣ್ಣಕಟ್ಟು ಬಂದಿದೆ’ ಅನ್ನುತ್ತಿದ್ದರು. ಗಂಟು, ಸಪ್ಪೆ, ಹಾಲುತೊಂಡೆ ರೋಗಗಳಂತೆ ಇದೂ ರೇಷ್ಮೆಯವರ ಮಾತು. ಅದನ್ನು ತರುವುದು ಇದೇ ಬ್ಯುವೇರಿಯಾ ಬೂಷ್ಟು!

ಇಟಲಿಯಲ್ಲೂ ಹೀಗೆಯೇ ಹೆಸರಿಟ್ಟಿದ್ದಾರೆ ಎಂದು ತಿಳಿದಾಗ ತುಂಬಾ ಖುಷಿಯಾಯಿತು. ಅಲ್ಲಿ ಈ ರೋಗಕ್ಕೆ ‘ಕಾಲ್ಚಿನಾಚ್ಚೊ’ ಅನ್ನುತ್ತಿದ್ದರು. ‘ಕಾಲ್ಚೆ’ ಅಂದರೆ ಸುಣ್ಣ. ಇದು ಹುಳದಿಂದ ಹುಳಕ್ಕೆ ಹರಡುವ ಒಂದು ಜೀವಿಯ ಕೆಲಸ ಎಂದು 1835ರಲ್ಲಿ ತೋರಿಸಿದವರು ಅಲ್ಲಿನ ವಿಜ್ಞಾನಿ ಅಗೊಸ್ಟಿನೊ ಬಾಸಿ. ಬೂಷ್ಟಿನ ಪೂರ್ತಿ ಹೆಸರು ‘ಬ್ಯುವೇರಿಯಾ ಬಾಸಿಯಾನಾ’ ಆಗಿದ್ದು ಅವರಿಂದಲೇ.

ಹಾಗಾಗಿ ಬ್ಯುವೇರಿಯಾಕ್ಕೆ ‘ಸುಣ್ಣಕಟ್ಟು ಬೂಷ್ಟು’ ಅನ್ನಬಹುದೇ? ನನಗಂತೂ ಇದು ಸರಿ ಅನ್ನಿಸುತ್ತದೆ. ಹೆಸರು ಕೇಳಿದ ಕೂಡಲೇ ರೇಷ್ಮೆಯವರು ಎಚ್ಚರವಾಗುತ್ತಾರೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಇದನ್ನು ಸಿಂಪಡಿಸಬಾರದು. ‘ಜೈವಿಕ ಕೀಟನಾಶಕ’ ಎಂದು ಮಾತ್ರ ಬರೆದರೆ ಆ ಅಪಾಯ ಯಾರಿಗೂ ಹೊಳೆಯುವುದಿಲ್ಲ.

ತೊಡಕು ಇರುವುದು ಮೆಟಾರೈಜಿಯಂನಲ್ಲಿ. ಅದು ಹುಳದ ಮೇಲೆ ಹಸಿರಾಗಿ ಬೆಳೆಯುತ್ತದೆ. ‘ಹಸಿರು ಸುಣ್ಣಕಟ್ಟು’ ಅಂದರೆ ನಾಲಿಗೆಗೆ ಒಗ್ಗುವುದಿಲ್ಲ. ‘ಹಸಿರುಗಟ್ಟು’ ಅಂದರೆ ಹೇಗೆ?

ಇನ್ನೊಂದು ಪ್ರಶ್ನೆ. ಪಾಚಿಗಟ್ಟು, ಕೆನೆಗಟ್ಟು, ಹೆಪ್ಪುಗಟ್ಟು ಎಲ್ಲದರಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಸುಣ್ಣಕಟ್ಟು ಮಾತ್ರ ಹಾಗೇ ಉಳಿದಿದೆ. ‘ಸುಣ್ಣಗಟ್ಟು’ ಅನ್ನುವುದನ್ನು ಯಾರಾದರೂ ಕೇಳಿದ್ದೀರಾ? ಶಿಡ್ಲಘಟ್ಟ, ರಾಮನಗರ, ಕೊಳ್ಳೇಗಾಲದ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಕೊಡಗು, ಮಲೆನಾಡಿನವರು ತೋಟದಲ್ಲಿ ಬಿಳಿ ಬೂಷ್ಟು ಹಿಡಿದು ಸತ್ತ ಹುಳಕ್ಕೆ ಏನನ್ನುತ್ತೀರಿ ಎಂಬುದನ್ನೂ ಬರೆಯಿರಿ.